ಮಣ್ಣಿನ ನೀರಿನ ಅಂದಾಜು: ಆರ್ ಸ್ಕ್ವೇರ್ ನೋಡಿ ನಂಬಬಹುದೇ?

ಪ್ರಶ್ನೆ: ನಾನು ಕೃಷಿ ಸ್ನಾತಕೋತ್ತರ ವಿದ್ಯಾರ್ಥಿ. ಧಾರವಾಡ ಸುತ್ತಲಿನ ಎರೆ (ಕಪ್ಪು) ಮತ್ತು ಮಸಾರಿ (ಕೆಂಪು) ಹೊಲಗಳ ಮಣ್ಣು ಎಷ್ಟು ನೀರು ಹಿಡಿದಿಡುತ್ತದೆ ಎಂಬುದನ್ನು ಮರಳು, ಜೇಡಿ, ಸಾವಯವ ಅಂಶಗಳ ಪ್ರಮಾಣದಿಂದ ಲೆಕ್ಕ ಹಾಕುವ ಸ್ಯಾಕ್ಸ್‌ಟನ್–ರಾಲ್ಸ್ ಸಮೀಕರಣಗಳಿಂದ ಅಂದಾಜಿಸಿ, ಪ್ರೆಶರ್ ಪ್ಲೇಟ್ (ಒತ್ತಡ ಹಾಕಿ ಮಣ್ಣಿನ ನೀರನ್ನು ಹೊರತೆಗೆಯುವ ಪ್ರಯೋಗಾಲಯದ ಉಪಕರಣ) ಅಳತೆಗಳೊಂದಿಗೆ ಹೋಲಿಸಿದ್ದೇನೆ. ಆರ್ ಸ್ಕ್ವೇರ್ 0.91 ಬಂದಿದೆ, ಸರಾಸರಿ ದೋಷ ಬಹುತೇಕ ಸೊನ್ನೆ. ಇದನ್ನು ನೀರಾವರಿ ಲೆಕ್ಕಕ್ಕೆ ಬಳಸಬಹುದೇ?

ಉತ್ತರ: ಈ ಎರಡೇ ಅಂಕಿಗಳನ್ನು ನಂಬಿ ಬಳಸಬೇಡಿ. ಅಂದಾಜು ಮತ್ತು ಅಳತೆ ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದನ್ನಷ್ಟೇ ಆರ್ ಸ್ಕ್ವೇರ್ ಹೇಳುತ್ತದೆ. ಪ್ರತಿ ಅಂದಾಜಿಗೂ 0.08 (ಮಣ್ಣಿನ ಗಾತ್ರದ ಶೇ 8ರಷ್ಟು ನೀರು) ಕೂಡಿಸಿದರೂ ಅದು 0.91 ಆಗಿಯೇ ಉಳಿಯುತ್ತದೆ. ಮೇಲಾಗಿ, ಜೇಡಿ ಹೆಚ್ಚಿರುವ ಎರೆಯನ್ನೂ ಮರಳು ಮಿಶ್ರಿತ ಮಸಾರಿಯನ್ನೂ ಒಂದೇ ನಕ್ಷೆಯಲ್ಲಿ ಹಾಕಿದಾಗ ಅಳತೆಗಳ ಹರವು ದೊಡ್ಡದಾಗಿ ಆರ್ ಸ್ಕ್ವೇರ್ ತಾನಾಗಿಯೇ ಏರುತ್ತದೆ. ಸರಾಸರಿ ದೋಷ ಸೊನ್ನೆಯಾಗಿರುವುದಕ್ಕೂ, ಎರೆಯಲ್ಲಿ ಕಡಿಮೆ ಮತ್ತು ಮಸಾರಿಯಲ್ಲಿ ಹೆಚ್ಚು ಅಂದಾಜಾಗಿ ಎರಡೂ ವಜಾ ಆಗಿರುವುದು ಕಾರಣವಿರಬಹುದು. ಆದ್ದರಿಂದ ಸರಾಸರಿ ದೋಷವನ್ನೂ ಆರ್‌ಎಂಎಸ್‌ಇಯನ್ನೂ (ದೋಷಗಳ ವರ್ಗಗಳ ಸರಾಸರಿಯ ವರ್ಗಮೂಲ) ಮಣ್ಣಿನ ಬಗೆಗೊಂದರಂತೆ, 33 (ಹೆಚ್ಚುವರಿ ನೀರು ಬಸಿದ ಮೇಲಿನ ಹಂತ) ಮತ್ತು 1500 (ಬೆಳೆ ಬಾಡುವ ಹಂತ) ಕಿಲೋಪ್ಯಾಸ್ಕಲ್ ಒತ್ತಡಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ.

ಎರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2006ರಲ್ಲಿ ಪ್ರಕಟವಾದ ಈ ಸಮೀಕರಣಗಳು ಅಮೆರಿಕದ ಮಣ್ಣುಗಳ ದತ್ತಾಂಶದಿಂದ ರೂಪುಗೊಂಡವು, ಮತ್ತು ಶೇ 60ಕ್ಕಿಂತ ಹೆಚ್ಚು ಜೇಡಿಯಿದ್ದ ಮಾದರಿಗಳನ್ನು ಅವುಗಳಿಂದ ಕೈಬಿಡಲಾಗಿತ್ತು. ನಿಮ್ಮ ಕೆಲವು ಎರೆ ಮಾದರಿಗಳು ಆ ಮಿತಿಯನ್ನು ದಾಟಿರಬಹುದು. ಜೇಡಿಯ ಪ್ರಮಾಣ ಒಂದೇ ಆಗಿದ್ದರೂ, ಎರೆಯಲ್ಲಿರುವ ಸ್ಮೆಕ್ಟೈಟ್ ಖನಿಜವು ಕೆಂಪು ಮಣ್ಣಿನ ಕೆಯೋಲಿನೈಟ್‌ಗಿಂತ ಬಹಳ ಹೆಚ್ಚು ನೀರನ್ನು ಹಿಡಿಯುತ್ತದೆ, ಆದರೆ ಸಮೀಕರಣಕ್ಕೆ ಖನಿಜದ ಗೊಡವೆಯೇ ಇಲ್ಲ.

ಇನ್ನು, ದೋಷವೆಲ್ಲ ಸಮೀಕರಣದ್ದೇ ಎಂದೂ ತಿಳಿಯಬಾರದು. ತೂಕದ ಲೆಕ್ಕದ ತೇವಾಂಶವನ್ನು ಘನ ಅಳತೆಗೆ ತರಲು ಬಲ್ಕ್ ಡೆನ್ಸಿಟಿಯಿಂದ (ಒಂದು ಘನ ಅಳತೆಯ ಮಣ್ಣಿನ ಒಣ ತೂಕ) ಗುಣಿಸುತ್ತೇವೆ. ಎರೆಯಲ್ಲಿ ಅದು ಬಿರುಕು ಬಿಟ್ಟ ಬೇಸಿಗೆಗೂ ಉಬ್ಬಿದ ಮಳೆಗಾಲಕ್ಕೂ ಬದಲಾಗುವುದರಿಂದ, ಒಣಗಿದಾಗ ಕೊಳವೆಯಿಂದ ತೆಗೆದ ಮಣ್ಣಿನ ತುಂಡಿನ (ಕೋರ್) ಬೆಲೆಯನ್ನು 33 ಕಿಲೋಪ್ಯಾಸ್ಕಲ್‌ನ ತೇವಕ್ಕೆ ಬಳಸಿದರೆ ಅಳತೆಯೇ ಅತಿಯಾಗುತ್ತದೆ. ಹಾಗೆಯೇ 1500 ಕಿಲೋಪ್ಯಾಸ್ಕಲ್‌ನಲ್ಲಿ ಜೇಡಿ ಮಣ್ಣು ಸಮತೋಲನಕ್ಕೆ ಬರಲು ಬಹಳ ಸಮಯ ಬೇಕು. ಪ್ಲೇಟಿನಿಂದ ಬೇಗ ತೆಗೆದ ಮಾದರಿ ಹೆಚ್ಚು ತೇವವನ್ನು ತೋರಿಸುತ್ತದೆ, ಆಗ ಸಮೀಕರಣ ಕಡಿಮೆ ಹೇಳಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ನೀರಾವರಿಗೆ ಬೇಕಾದುದು ಈ ಎರಡು ಒತ್ತಡಗಳ ತೇವಾಂಶದ ವ್ಯತ್ಯಾಸ, ಅಂದರೆ ಬೆಳೆಗೆ ದಕ್ಕುವ ನೀರು. ಎರಡೂ ಕಡೆ ದೋಷ ಒಂದೇ ದಿಕ್ಕಿನಲ್ಲಿದ್ದರೆ ಕಳೆಯುವಾಗ ಕರಗುತ್ತದೆ, ವಿರುದ್ಧವಾಗಿದ್ದರೆ ಕೂಡಿಕೊಳ್ಳುತ್ತದೆ. ಹಾಗಾಗಿ ಆರ್‌ಎಂಎಸ್‌ಇಯನ್ನು ದಕ್ಕುವ ನೀರಿಗೇ ನೇರವಾಗಿ ಲೆಕ್ಕ ಹಾಕುವುದು ಉತ್ತಮ. ಅದು 0.05 ಬಂದರೆ, 60 ಸೆಂಟಿಮೀಟರ್ ಬೇರಿನ ಆಳಕ್ಕೆ 30 ಮಿಲಿಮೀಟರ್, ಎಕರೆಗೆ ಸುಮಾರು 1.2 ಲಕ್ಷ ಲೀಟರ್ ನೀರು ಎಂದಾಯಿತು. ನನ್ನ ಅಭಿಪ್ರಾಯದಲ್ಲಿ ಎರೆಗೆ ಅಷ್ಟು ದೋಷವಿದ್ದರೆ ಸಮೀಕರಣವನ್ನು ಇದ್ದಂತೆಯೇ ಬಳಸಬಾರದು.

ದೋಷ ಒಂದೇ ದಿಕ್ಕಿಗಿದ್ದರೆ ಸ್ಥಳೀಯ ತಿದ್ದುಪಡಿ ಸಾಧ್ಯ. ಕೆಲವು ಹೊಲಗಳ ಮಾದರಿಗಳಿಂದ ತಿದ್ದುಪಡಿಯನ್ನು ಕಂಡುಕೊಂಡು ಉಳಿದ ಹೊಲಗಳಲ್ಲಿ ಪರೀಕ್ಷಿಸಿ. ಒಂದೇ ಹೊಲದ ಮಾದರಿಗಳನ್ನು ಎರಡೂ ಗುಂಪಿಗೆ ಹಂಚಿದರೆ ದೋಷ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.