529 ಖಾತೆಯಿಂದ ತೆಗೆದ ದುಡ್ಡಿಗೆ ತೆರಿಗೆ ಬೀಳುತ್ತಾ?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದೇವೆ. ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. 2025ರಲ್ಲಿ, ಅವಳ ಓದಿಗೆ ಅಂತ ಉಳಿತಾಯ ಮಾಡಿದ್ದ 529 ಖಾತೆಯಿಂದ 20,000 ಡಾಲರ್ ತೆಗೆದು ಅವಳ ಬ್ಯಾಂಕ್ ಖಾತೆಗೇ ಹಾಕಿಸಿದೆವು. ಆ ವರ್ಷ ಟ್ಯೂಷನ್ 12,000, ಡಾರ್ಮ್ ಮತ್ತು ಊಟ 9,000, ಪುಸ್ತಕ-ಲ್ಯಾಪ್‌ಟಾಪ್ 2,000 ಆಯಿತು. 5,000 ಸ್ಕಾಲರ್‌ಶಿಪ್ ಸಿಕ್ಕಿತ್ತು. ಈಗ ದುಡ್ಡು ತೆಗೆದ ಲೆಕ್ಕ ತೋರಿಸುವ 1099-ಕ್ಯೂ ಫಾರ್ಮ್ ಬಂದಿದೆ. ಪೂರ್ತಿ 20,000ಕ್ಕೂ ತೆರಿಗೆ ಬೀಳುತ್ತಾ? ದಂಡವೂ ಇದೆ ಅಂತಾರೆ.

ಉತ್ತರ: ಗಾಬರಿ ಬೇಡ. ನೀವು ಹಾಕಿದ ಅಸಲಿಗೆ ಯಾವತ್ತೂ ತೆರಿಗೆ ಇಲ್ಲ. ಫಾರ್ಮಿನ 2ನೇ ಬಾಕ್ಸ್ ನೋಡಿ, ಗಳಿಕೆ ಎಷ್ಟು ಅಂತ ಇರುತ್ತದೆ. ಅದು 6,000 ಅಂದುಕೊಳ್ಳೋಣ. ಪ್ರಶ್ನೆ ಇರುವುದು ಅಷ್ಟರ ಬಗ್ಗೆ ಮಾತ್ರ.

ನಿಮ್ಮ ಒಟ್ಟು ಖರ್ಚು 23,000. ಸ್ಕಾಲರ್‌ಶಿಪ್ ಕಳೆದರೆ 18,000. ತೆಗೆದದ್ದು ಅದಕ್ಕಿಂತ 2,000 ಜಾಸ್ತಿ, ಅಂದರೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಗಳಿಕೆಯಲ್ಲೂ ಹತ್ತನೇ ಒಂದು ಪಾಲು, 600 ಡಾಲರ್, ಆದಾಯಕ್ಕೆ ಸೇರುತ್ತದೆ. ದುಡ್ಡು ಮಗಳಿಗೆ ಹೋಗಿದ್ದರಿಂದ ಅದು ಅವಳ ಆದಾಯ, ನಿಮ್ಮದಲ್ಲ. ಅವಳಿಗೆ ಬೇರೇನೂ ಆದಾಯ ಇಲ್ಲದಿದ್ದರೆ 600ಕ್ಕೆ ತೆರಿಗೆಯೂ ಇಲ್ಲ, ರಿಟರ್ನ್ ಹಾಕುವ ಕೆಲಸವೂ ಇಲ್ಲ.

ನಿಮ್ಮ ಆದಾಯ ಎಷ್ಟು ಅಂತ ಬರೆದಿಲ್ಲ. ಅದು ಮುಖ್ಯ. ಗಂಡ-ಹೆಂಡತಿ ಸೇರಿ 1,60,000 ಡಾಲರ್ ಒಳಗಿದ್ದರೆ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ (ಕಾಲೇಜು ಖರ್ಚಿಗೆ ನಿಮ್ಮ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಪೂರ್ತಿ 2,500 ಸಿಗುತ್ತದೆ. 1,80,000 ತಲುಪಿದರೆ ಏನೂ ಇಲ್ಲ. ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಅಲ್ಲಿಗೆ ಮುಗಿಯಿತು ಅನ್ನಿ. ಕ್ರೆಡಿಟ್ ಸಿಗುವುದಾದರೆ 4,000 ಟ್ಯೂಷನ್ ಅದರ ಲೆಕ್ಕಕ್ಕೆ ಹೋಗುತ್ತದೆ. ಒಂದೇ ಖರ್ಚನ್ನು ಎರಡು ಕಡೆ ತೋರಿಸುವಂತಿಲ್ಲ ಅಲ್ವಾ? ಆಗ 529ಕ್ಕೆ ಉಳಿಯುವ ಖರ್ಚು 14,000, ತೆಗೆದದ್ದು 6,000 ಜಾಸ್ತಿ, ಅಂದರೆ ಹತ್ತರಲ್ಲಿ ಮೂರು ಪಾಲು. ಹಾಗಾಗಿ ಮಗಳ ಆದಾಯಕ್ಕೆ ಸೇರುವುದು 1,800. ಅವಳು ರಿಟರ್ನ್ ಹಾಕಬೇಕಾಗುತ್ತದೆ. ಬೇರೆ ಆದಾಯ ಇಲ್ಲದಿದ್ದರೆ ಫೆಡರಲ್ ತೆರಿಗೆ 45 ಡಾಲರ್ ಆಗಬಹುದು. 2,500 ಬರುವ ಕಡೆ 45 ಕೊಡಲು ಯಾಕೆ ಹಿಂದೆಮುಂದೆ ನೋಡುತ್ತೀರಿ? ತೆರಿಗೆ ತಪ್ಪಿಸಲು ಹೋಗಿ ಕ್ರೆಡಿಟ್ ಬಿಟ್ಟವರನ್ನು ಪ್ರತಿ ವರ್ಷ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

ಇನ್ನು ಆದಾಯಕ್ಕೆ ಸೇರುವ ಗಳಿಕೆಯ ಮೇಲಿನ 10% ದಂಡ. ಸ್ಕಾಲರ್‌ಶಿಪ್ ಅಥವಾ ಈ ಕ್ರೆಡಿಟ್‌ನಿಂದಾಗಿಯೇ ಹೆಚ್ಚುವರಿ ಆಗಿದ್ದರೆ ದಂಡ ಇಲ್ಲ. ನಿಮ್ಮದು ಎರಡೂ ಸಂದರ್ಭದಲ್ಲಿ ಅದೇ. ರಿಟರ್ನ್ ಹಾಕುವಾಗ 1,800 ಅನ್ನು ಶೆಡ್ಯೂಲ್ 1ರಲ್ಲಿ ಇತರೆ ಆದಾಯ ಅಂತ ತೋರಿಸಿ, 5329 ಫಾರ್ಮಿನಲ್ಲಿ ವಿನಾಯಿತಿ ಕೇಳಿ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ್ದರಿಂದ ಆ ತಲೆನೋವು ಇಲ್ಲ.

ರಸೀದಿಗಳನ್ನು ಮಾತ್ರ ಬಿಸಾಡಬೇಡಿ. 1099-ಕ್ಯೂ ಪ್ರತಿ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಹೋಗಿರುತ್ತದೆ, ಅವರು ಕೇಳಬಹುದು. ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದ ವಿಮಾನದ ಟಿಕೆಟ್ ಸೇರಿಸಲು ಹೋಗಬೇಡಿ, ಪ್ರಯಾಣ ಲೆಕ್ಕಕ್ಕಿಲ್ಲ. ಹೆಲ್ತ್ ಇನ್ಶೂರೆನ್ಸ್ ಕೂಡ ಇಲ್ಲ. ಮುಂದಿನ ವರ್ಷ ಜನವರಿಯಲ್ಲಿ ಕಟ್ಟುವ ಫೀಸಿಗೆ ಡಿಸೆಂಬರ್‌ನಲ್ಲೇ ದುಡ್ಡು ತೆಗೆಯಬೇಡಿ. ತೆಗೆದ ವರ್ಷ, ಕಟ್ಟಿದ ವರ್ಷ ಒಂದೇ ಇರಲಿ.