ಮ್ಯೂನಿಕ್‌ನಲ್ಲಿ ಕೈ ಬಿಗಿ ಇರುವಾಗ ಶನಿವಾರ, ಭಾನುವಾರ

ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ಸಲಿಗೆಯಿಂದಲೇ ಉತ್ತರಿಸುತ್ತೇನೆ. ನೀನು ಕೇಳಿದ್ದು ಇಷ್ಟು: ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಕೆಲಸ. ಬಾಡಿಗೆ ಕಟ್ಟಿ, ಊರಿನ ಬ್ಯಾಂಕಿಗೆ ಓದಿನ ಸಾಲದ ಕಂತು ಕಳಿಸಿದ ಮೇಲೆ ಕೈಯಲ್ಲಿ ಉಳಿಯುವುದು ಕಡಿಮೆ. ಆಫೀಸಿನವರು ವಾರಾಂತ್ಯಕ್ಕೆ ಎಲ್ಲೆಲ್ಲಿಗೋ ಹೋಗುತ್ತಾರೆ, ನೀನು ರೂಮಿನಲ್ಲಿ ಫೋನ್ ನೋಡುತ್ತಾ ಕೂರುತ್ತೀಯ. ಸಾಲ ತೀರುವವರೆಗೆ ಹೀಗೇ ಇದ್ದುಬಿಡಲಾ?

ಬೇಡ. ಈ ಊರಲ್ಲಿ ದುಡ್ಡು ಹೋಗುವುದು ಹೋಟೆಲ್ ಊಟಕ್ಕೆ, ಸುತ್ತಾಟಕ್ಕೆ ಅಲ್ಲ. ಬುತ್ತಿ ಕಟ್ಟಿಕೊಂಡು ಹೊರಟರೆ ಎರಡು ದಿನ ಪೂರ್ತಿ ಹೊರಗೇ ಇದ್ದರೂ ಹೆಚ್ಚೇನೂ ಖರ್ಚಾಗುವುದಿಲ್ಲ. ಸಾಲದ ಕಂತು ತಪ್ಪದೆ ಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯೊಳಗೇ ಕೂತು ಉಳಿಸುತ್ತೇನೆ ಎನ್ನುವುದು ಬೇಡ. ಮೊದಲ ವರ್ಷ ಹಾಗೆ ಕೂತವರು ಮಂಕಾಗುವುದನ್ನು ನೋಡಿದ್ದೇನೆ.

ಶನಿವಾರ ಮೊದಲು ಸಾಮಾನು ತಂದುಬಿಡು. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿರಾಮಕ್ಕೆ ಈ ದೇಶದ ಸಂವಿಧಾನದ್ದೇ ರಕ್ಷಣೆ ಇದೆ, 1919ರ ಸಂವಿಧಾನದ ಮಾತನ್ನು ಈಗಿನದರಲ್ಲೂ ಹಾಗೇ ಉಳಿಸಿಕೊಂಡಿದ್ದಾರೆ. ಶನಿವಾರ ರಾತ್ರಿ ಎಂಟಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸೋಮವಾರವೇ. ಬೇಕರಿಗಳು ಒಂದಿಷ್ಟು ಹೊತ್ತು ತೆರೆದಿರುತ್ತವೆ. ಪೆಟ್ರೋಲ್ ಬಂಕ್‌ನಲ್ಲೂ ಮುಖ್ಯ ರೈಲು ನಿಲ್ದಾಣದಲ್ಲೂ ಏನಾದರೂ ಸಿಗುತ್ತದೆ, ಆದರೆ ಬಂಕ್‌ನಲ್ಲಿ ಹಾಲು ಕೊಂಡರೆ ಬೆಲೆ ಜಾಸ್ತಿ. ಹೋಗುವಾಗ ಖಾಲಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೋ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನಿಗೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಯ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ನೀರಿನ ಬಾಟಲಿ ಮಾತ್ರ ಕೊಳ್ಳಲೇಬೇಡ. ಇಲ್ಲಿನ ನಲ್ಲಿ ನೀರು ಬರುವುದು ಹೆಚ್ಚಾಗಿ ಮಾಂಗ್‌ಫಾಲ್ ಕಣಿವೆಯಿಂದ, ನೇರವಾಗಿ ಕುಡಿಯಬಹುದು, ರುಚಿಯೂ ಚೆನ್ನಾಗಿದೆ.

ಅಡುಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿತಾಯ ಆಗುವುದು ಇಲ್ಲೇ. ಎಲ್ಲವನ್ನೂ ಇಂಡಿಯನ್ ಅಂಗಡಿಯಿಂದಲೇ ತರಬೇಕಾಗಿಲ್ಲ. ಅಲ್ಡಿ, ಲಿಡ್ಲ್, ಪೆನ್ನಿಯಂಥ ಅಗ್ಗದ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದರಲ್ಲೇ ನಮ್ಮ ಅಡುಗೆ ಮುಕ್ಕಾಲು ಭಾಗ ಆಗುತ್ತದೆ. ಉಪ್ಪಿಟ್ಟಿಗೆ ‘ಹಾರ್ಟ್‌ವೈತ್ಸೆನ್‌ಗ್ರೀಸ್’ ಎಂದು ಬರೆದಿರುವ ಗಟ್ಟಿ ಗೋಧಿ ರವೆಯ ಪೊಟ್ಟಣ ತಗೋ. ‘ವೈಶ್‌ವೈತ್ಸೆನ್’ ಎಂದಿದ್ದರೆ ಬೇಡ, ಅದು ನೀರು ಹಾಕುತ್ತಲೇ ಅಂಟಾಗಿಬಿಡುತ್ತದೆ. ಮೊಸರನ್ನಕ್ಕೆ ‘ಮಿಲ್ಶ್‌ರೈಸ್’ ಎಂಬ ಗುಂಡಕ್ಕಿ ತುಂಬಾ ಒಳ್ಳೆಯದು, ಮೆತ್ತಗೆ ಬೇಯುತ್ತದೆ. 3.5 ಪರ್ಸೆಂಟ್ ಕೊಬ್ಬಿನ ಸಾದಾ ಯೋಗರ್ಟ್ ತಂದರೆ ಮೊಸರಿನ ಚಿಂತೆ ಇಲ್ಲ. ತೊಗರಿಬೇಳೆ ದುಬಾರಿ ಅನ್ನಿಸಿದರೆ ಟರ್ಕಿಯವರ ಅಂಗಡಿಯಲ್ಲಿ ಕೆಂಪು ಮಸೂರ್ ಬೇಳೆ ತಗೋ. ಕುಕ್ಕರ್ ಬೇಕಿಲ್ಲ, ಪಾತ್ರೆಯಲ್ಲೇ ಕಾಲು ಗಂಟೆಗೆ ಬೇಯುತ್ತದೆ. ಸಾರಿಗೂ ಆಗುತ್ತದೆ, ಹುಳಿಗೂ ಆಗುತ್ತದೆ. ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಯ್ಥೆ ರಸ್ತೆ, ಲಾಂಡ್‌ವೇರ್ ರಸ್ತೆಯ ಕಡೆ ಅಂಥ ಅಂಗಡಿಗಳು ಸಾಲಾಗಿವೆ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಅಲ್ಲಿ ದೊಡ್ಡ ದೊಡ್ಡ ಕಟ್ಟಿನಲ್ಲಿ ಸಿಗುತ್ತವೆ. ಸಾರಿನಪುಡಿ, ಹುಣಸೆಹಣ್ಣು ಊರಿಂದ ಯಾರಾದರೂ ಬರುವಾಗ ತರಿಸಿಕೋ.

ಮಿಕ್ಸಿ ಹಾಕುವುದಿದ್ದರೆ, ಬಟ್ಟೆ ಒಗೆಯುವುದಿದ್ದರೆ ಶನಿವಾರವೇ ಮುಗಿಸು. ಭಾನುವಾರ ಇಡೀ ದಿನ ಗಲಾಟೆ ಮಾಡುವ ಹಾಗಿಲ್ಲ. ಗೋಡೆಗೆ ಡ್ರಿಲ್ ಹೊಡೆಯಬಾರದು, ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಕೂಡ ಹಾಕಬಾರದು. ಹೊಸಬರಿಗೆ ಇದು ಅತಿ ಅನ್ನಿಸುತ್ತದೆ. ನನಗೆ ಈಗ ಆ ನಿಶ್ಶಬ್ದ ತುಂಬಾ ಇಷ್ಟ.

ಇನ್ನು ತಿರುಗಾಟ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಸ್ಥಳೀಯ ರೈಲು, ಬಸ್ಸಿನ ತಿಂಗಳ ಪಾಸ್, ತೆಗೆದುಕೊಂಡಿದ್ದೀಯಾ? 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು, 2025ರಲ್ಲಿ 58 ಆಯಿತು, 2026ರಿಂದ 63. ಬೆಲೆ ಏರಿದ್ದು ಬೇಸರವೇ. ಆದರೂ ನಿನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಹೇಗೂ ಆಫೀಸಿಗೆ ಬೇಕು. ಅದೇ ಟಿಕೆಟ್‌ನಲ್ಲಿ ಶನಿವಾರ, ಭಾನುವಾರ ದೇಶದ ಯಾವ ಮೂಲೆಗಾದರೂ ಸ್ಥಳೀಯ ರೈಲು, ಬಸ್ಸಿನಲ್ಲಿ ಹೋಗಬಹುದು. ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಟೆಗರ್ನ್‌ಸೀ, ಗಾರ್ಮಿಶ್, ಫ್ಯೂಸೆನ್, ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಇದರಲ್ಲೇ ಆಗುತ್ತದೆ. ಸಾಲ್ಜ್‌ಬರ್ಗ್‌ಗೆ ಹೋಗುವಾಗ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ, ವಾಪಸ್ ಬರುವಾಗ ರೈಲಿನಲ್ಲಿ ಪೊಲೀಸರು ನೋಡುತ್ತಾರೆ. ಕೆಲವು ಕಂಪನಿಗಳು ಟಿಕೆಟ್ಟಿನ ಒಂದು ಪಾಲು ತಾವೇ ಕೊಡುತ್ತವೆ. ನಿಮ್ಮಲ್ಲಿ ಹಾಗಿದೆಯಾ ಎಂದು ಎಚ್‌ಆರ್‌ನವರನ್ನು ಕೇಳು, ಸಂಕೋಚ ಬೇಡ.

ದೂರ ಹೋಗಲು ಮನಸ್ಸಿಲ್ಲದ ದಿನ ಹಿರ್ಶ್‌ಗಾರ್ಟನ್‌ಗೆ ಹೋಗು. ಅದೊಂದು ದೊಡ್ಡ ಬಿಯರ್ ಗಾರ್ಡನ್, ಮರಗಳ ಕೆಳಗೆ ಸಾವಿರಾರು ಜನ ಕೂರುವಷ್ಟು ಬೆಂಚು. ಬಿಯರ್ ಕುಡಿಯದವರು ಅಲ್ಲಿ ಏನು ಮಾಡುವುದು ಅಂತೀಯಾ? ನಮ್ಮ ಈ ರಾಜ್ಯ ಬವೇರಿಯಾದ ಬಿಯರ್ ಗಾರ್ಡನ್‌ಗಳಿಗೆ ಮನೆಯ ಊಟ ತರಬಹುದು. 1812ರಲ್ಲಿ ಇಲ್ಲಿನ ರಾಜ ಬಿಯರ್ ತಯಾರಿಸುವವರಿಗೆ ತಮ್ಮ ನೆಲಮಾಳಿಗೆಗಳ ಬಳಿ ಬಿಯರ್ ಮಾರಲು ಬಿಟ್ಟ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರಲು ಬಿಡಲಿಲ್ಲ. ಹಾಗಾಗಿ ಜನ ಊಟ ತಂದರು, ಆ ರೂಢಿ ಇವತ್ತಿಗೂ ಇದೆ. ಬಟ್ಟೆ ಹಾಸದ ಮೇಜು ನೋಡಿ ಕೂರು, ಹಾಸಿದ ಕಡೆ ಅವರದೇ ಊಟ ತರಿಸಬೇಕು. ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಸೇಬಿನ ಜ್ಯೂಸಿಗೆ ಸೋಡಾ ಬೆರೆಸಿ ಕೊಡುತ್ತಾರೆ, ಒಂದು ದೊಡ್ಡ ಲೋಟ ತಗೊಂಡರೆ ಸಂಜೆಯವರೆಗೂ ಯಾರೂ ಏಳು ಅನ್ನುವುದಿಲ್ಲ. ಪಕ್ಕದಲ್ಲಿ ಅಜ್ಜ ಅಜ್ಜಿ ಮೂಲಂಗಿ, ಚೀಸ್ ಬಿಚ್ಚಿಕೊಂಡು ಕೂತಿರುತ್ತಾರೆ, ನೀನು ಚಿತ್ರಾನ್ನದ ಡಬ್ಬಿ ತೆಗೆ. ಅದೇನು ಎಂದು ಕೇಳಿಯೇ ಕೇಳುತ್ತಾರೆ. ನಿನ್ನ ಜರ್ಮನ್ ಅಲ್ಲೇ ಸುಧಾರಿಸುತ್ತದೆ.

ಮಳೆ ಬಂದರೆ ಮ್ಯೂಸಿಯಂ. ಇಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ ಹಲವಕ್ಕೆ ಭಾನುವಾರ ಬರೀ ಒಂದು ಯೂರೋ. ಆಲ್ಟೆ ಪಿನಾಕೊಥೆಕ್‌ನಲ್ಲಿ ಚಿತ್ರಕಾರ ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರ ಇದೆ. ಅದರ ಎದುರು ಒಂದಿಷ್ಟು ಹೊತ್ತು ನಿಲ್ಲು.

ಚಳಿಗಾಲದ ಬಗ್ಗೆ ಒಂದು ಮಾತು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ತಡವಾಗಿ ಎದ್ದು, ಊಟ ಮಾಡಿ, ಆಮೇಲೆ ಹೊರಡೋಣ ಅಂದರೆ ಬೆಳಕೇ ಕಾಣಿಸುವುದಿಲ್ಲ. ಹನ್ನೊಂದು ಗಂಟೆಯೊಳಗೆ ಮನೆ ಬಿಡು, ಒಲಿಂಪಿಯಾ ಪಾರ್ಕಿನ ಗುಡ್ಡ ಹತ್ತು. ಯುದ್ಧದಲ್ಲಿ ಕುಸಿದ ಮನೆಗಳ ಅವಶೇಷ ಸುರಿದು ಆದ ಗುಡ್ಡ ಅದು. ತಿಳಿಯಾದ ದಿನ ಮೇಲಿಂದ ಆಲ್ಪ್ಸ್ ಸಾಲು ಕಾಣುತ್ತದೆ. ಬೆಚ್ಚಗಿನ ಜಾಕೆಟ್ ಮತ್ತು ಶೂಗೆ ಮಾತ್ರ ಜಿಪುಣತನ ಮಾಡಬೇಡ.

ಆಫೀಸಿನವರು ಕರೆದರೆ ಹೋಗು. ಇಲ್ಲಿ ಅವರವರ ಬಿಲ್ ಅವರವರೇ ಕೊಡುವುದು ಮಾಮೂಲು, ಒಬ್ಬರಿಗೊಬ್ಬರು ಕೊಡಿಸುವ ಒತ್ತಾಯ ಇಲ್ಲ. ಈ ತಿಂಗಳು ಕೈ ಬಿಗಿ, ರೆಸ್ಟೋರೆಂಟ್ ಬೇಡ, ನಡೆಯಲು ಹೋಗೋಣ ಎಂದು ನೇರವಾಗಿ ಹೇಳು. ಯಾರೂ ಕೀಳಾಗಿ ನೋಡುವುದಿಲ್ಲ. ಹಾಗೆಯೇ ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರು ಸೇರುತ್ತೇವೆ. ಒಬ್ಬನೇ ಇದ್ದೀಯ ಎಂದು ಗೊತ್ತಾದರೆ ಊಟಕ್ಕೆ ಕರೆಯುವ ಮನೆಗಳು ಬೇಕಾದಷ್ಟಿವೆ, ನಮ್ಮ ಮನೆಯೂ ಸೇರಿ.

ಈ ಭಾನುವಾರ ಬಿಸಿಲಿದ್ದರೆ ಎಸ್8 ಎಂಬ ಲೋಕಲ್ ರೈಲು ಹತ್ತಿ ಕೊನೆಯ ನಿಲ್ದಾಣ ಹೆರ್ಶಿಂಗ್‌ಗೆ ಹೋಗು, ಒಂದು ಗಂಟೆಯೊಳಗೆ ಅಲ್ಲಿರುತ್ತೀಯ. ಅಮ್ಮರ್‌ಸೀ ಕೆರೆ ಪಕ್ಕದಲ್ಲೇ ಇದೆ. ಅಲ್ಲಿಂದ ಕಾಡಿನ ಹಾದಿಯಲ್ಲಿ ಸುಮಾರು ಒಂದು ಗಂಟೆ ನಡೆದರೆ ಗುಡ್ಡದ ಮೇಲೆ ಆಂಡೆಕ್ಸ್ ಮಠ. ಕಾಲು ನೋವಾದರೆ ವಾಪಸ್ ಬರಲು ಬಸ್ಸಿದೆ, ನಿನ್ನ ಟಿಕೆಟ್ಟೇ ಸಾಕು. ಹೊರಡುವ ಮೊದಲು ಇಲ್ಲಿನ ಸ್ಥಳೀಯ ಸಾರಿಗೆಯ ಎಂವಿವಿ ಆ್ಯಪ್ ನೋಡು, ನಗರದ ಮಧ್ಯದ ಹಳಿ ರಿಪೇರಿಗೆ ವಾರಾಂತ್ಯದಲ್ಲೇ ಎಸ್ ರೈಲುಗಳನ್ನು ನಿಲ್ಲಿಸುವುದುಂಟು.