ಸಾವು, ದೇಹದ ದೋಷಗಳಿಂದ 'ಬುದ್ಧಿವಂತ ವಿನ್ಯಾಸ'ದ ವಾದ ಬಿದ್ದುಹೋಗುತ್ತದೆಯೇ?

ಜೀವಿಗಳನ್ನು ಒಬ್ಬ ಬುದ್ಧಿವಂತ ವಿನ್ಯಾಸಕಾರ ರೂಪಿಸಿದ್ದಾನೆ ಎಂಬ ಈ ವಾದ ಸಾವೊಂದರಿಂದಲೇ ಬೀಳುವುದಿಲ್ಲ. ಗಡಿಯಾರ ನಿಂತುಹೋದ ಮಾತ್ರಕ್ಕೆ ಅದನ್ನು ಯಾರೂ ಮಾಡಿಲ್ಲ ಎನ್ನಲಾಗದು. ನಿಜವಾದ ಪೆಟ್ಟು ಕೊಡುವುದು ದೋಷಗಳ ಬಗೆ.

ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರವನ್ನೇ ನೋಡಿ. ಮಿದುಳಿನಿಂದ ಹೊರಟು, ಗಂಟಲನ್ನು ದಾಟಿ ಎದೆಗಿಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನನ್ನು ಸುತ್ತಿ ಮತ್ತೆ ಮೇಲಕ್ಕೆ ಬರುತ್ತದೆ. ಜಿರಾಫೆಯಲ್ಲಿ ಈ ಸುತ್ತುದಾರಿ ಸುಮಾರು 4 ಮೀಟರ್! ಮೀನಿನಲ್ಲಿ ಇದಕ್ಕೆ ಸಮನಾದ ನರ ಕಿವಿರುಗಳಿಗೆ ನೇರವಾಗಿಯೇ ಹೋಗುತ್ತದೆ. ವಿಕಾಸದಲ್ಲಿ ಮುಂದೆ ಬಂದ ಪ್ರಾಣಿಗಳಲ್ಲಿ ಕತ್ತು ಬೆಳೆದು ಹೃದಯ ಕೆಳಗಿಳಿದಾಗ ರಕ್ತನಾಳ ನರವನ್ನೂ ಜೊತೆಗೆ ಎಳೆದುಕೊಂಡಿತು. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಈ ನರಕ್ಕೆ ಏಟಾದರೆ ದನಿ ಗೊಗ್ಗರಾಗುತ್ತದೆ.

ಇಂಥ ಸುತ್ತುದಾರಿ ಯೋಚಿಸಿ ಮಾಡಿದ ವಿನ್ಯಾಸದಂತೆ ಕಾಣುವುದಿಲ್ಲ. ಇದಕ್ಕೆ ಆ ವಾದದವರು 'ವಿನ್ಯಾಸಕಾರನ ಉದ್ದೇಶ ನಮಗೆ ತಿಳಿಯದು' ಎನ್ನಬಹುದು. ಹಾಗೆಂದರೆ ಕಣ್ಣಿನ ಸೊಗಸನ್ನು ವಿನ್ಯಾಸಕ್ಕೆ ಸಾಕ್ಷಿಯಾಗಿ ತೋರಿಸುವ ಹಕ್ಕೂ ಹೋಗುತ್ತದೆ. ದೇವರ ಮೇಲಿನ ನಂಬಿಕೆ ಬೇರೆ ವಿಷಯ. ವಿಕಾಸವನ್ನು ಒಪ್ಪಿಕೊಂಡೇ ನಂಬುವವರು ಬಹಳ ಮಂದಿ ಇದ್ದಾರೆ.